ಅಣ್ಣನ ಪಾದದ ಅಳತೆ

೩ ಜನವರಿ ೨೦೨೫, ಶುಕ್ರವಾರ. ಆಳಂದ

ಹೊಸ ವರ್ಷಕ್ಕೆ ನನಗೆ ಎರಡು ಡೈರಿ ಬರುತ್ತವೆ. ಒಂದರಲ್ಲಿ ಕೋರ್ಟಿನ ತಾರೀಖುಗಳು. ಇನ್ನೊಂದು ಅಡುಗೆಮನೆಯಲ್ಲಿ ಬಿದ್ದಿರುತ್ತಿತ್ತು. ಈ ಸಲ ಅದನ್ನು ನನಗೇ ಇಟ್ಟುಕೊಂಡಿದ್ದೇನೆ. ತಲೆಯಲ್ಲಿರುವುದನ್ನು ಇಲ್ಲಿ ಇಳಿಸಿದರೆ ಜಡ್ಜ್ ಸಾಹೇಬರ ಮುಂದೆ ಸ್ವಲ್ಪ ಕಡಿಮೆ ಕೂಗಾಡುತ್ತೇನೇನೋ ನೋಡೋಣ.

ಸೋಮವಾರ ಎಳ್ಳ ಅಮಾವಾಸ್ಯೆಗೆ ಹಿರೋಳ್ಳಿಯ ಹೊಲಕ್ಕೆ ಹೋಗಿದ್ದೆವು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ, ಯಾವುದಕ್ಕೂ ಕೊರತೆ ಇರಲಿಲ್ಲ. ಹೊಲದ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಅಪ್ಪನ ಸಮಾಧಿ ಇದೆ. ಅವ್ವ ಭೂತಾಯಿಗೆಂದು ಅಡುಗೆಯ ಚರಗವನ್ನು ಬೆಳೆಗೆ ಚೆಲ್ಲಿ ಬಂದವಳು ಅಪ್ಪನಿಗೆ ಎಡೆ ಇಟ್ಟಳು. ಆಮೇಲೆ ಪಕ್ಕದ ಖಾಲಿ ನೆಲದ ಮೇಲೆ ಇನ್ನೊಂದು ಎಲೆ ಹಾಸಿ ಅಲ್ಲೂ ಎಡೆ ಇಟ್ಟಳು.

"ಇದು ಯಾರಿಗಿ?" ಎಂದು ಹಣಮಂತರಾಯ ಕಾಕಾ ಕೇಳಿದರು.

"ಸಿದ್ದಲಿಂಗಗ. ನಾಕು ವರ್ಷ ಆಗಾಕ ಬಂತು, ನನ್ನ ಮಗ ಪರದೇಶದ ಮಣ್ಣಾಗ ಮಲಗ್ಯಾನ. ನಮ್ಮಲ್ಲಿ ಸತ್ತವರು ಮಲಗಾಂಗಿಲ್ಲ, ಕೂಡ್ರತಾರ. ಭಾಗ್ಯಾ, ಅವನಿಗಿ ತಂದು ಅವರಪ್ಪನ ಬಾಜೂಕ ಕುಂದರ್ಸು. ಆಮ್ಯಾಲ ನಾ ಹೋಗ್ತೇನಿ."

ಅವ್ವ ಇಷ್ಟು ವರ್ಷ ಬಾಯಿ ಬಿಟ್ಟು ಕೇಳಿರಲಿಲ್ಲ. ಕೇಳಿದ ಮೇಲೆ ಮುಗಿಯಿತು.

ಅಣ್ಣ ಒಮಾನಿನ ಒಂದು ಬಂದರು ಊರಿನಲ್ಲಿ ಕ್ರೇನ್ ನಡೆಸುತ್ತಿದ್ದ. ೨೦೨೧ರ ಮೇ ತಿಂಗಳಲ್ಲಿ ಕೊರೊನಾ ಅವನನ್ನು ಒಯ್ದಿತು. ಆಗ ಅಂಥ ಹೆಣಗಳನ್ನು ವಿಮಾನಕ್ಕೆ ಏರಿಸುತ್ತಿರಲಿಲ್ಲ, ಅಲ್ಲೇ ಹೂತರು. ಹೂತದ್ದನ್ನು ಇಷ್ಟು ವರ್ಷಗಳ ಮೇಲೆ ಅನುಮತಿ ಪಡೆದು ತೆಗೆಸಬಹುದಂತೆ. ಇಂದು ದಿನವಿಡೀ ಅದನ್ನೇ ಓದಿದೆ. ಕಷ್ಟದ ಕೇಸು, ಆದರೆ ಸೋಲುವ ಕೇಸಲ್ಲ. ಹದಿನೆಂಟು ವರ್ಷದಿಂದ ಭಾಗ್ಯಜ್ಯೋತಿ ವಕೀಲಿಕೆ ಮಾಡಿದ್ದು ಕರಿಕೋಟು ಒಣಗಿಸಲಿಕ್ಕಲ್ಲ.

ಯುಗಾದಿಯೊಳಗೆ ತರುತ್ತೇನೆ. ಬರೆದಿಟ್ಟಿದ್ದೇನೆ.

೧೭ ಜನವರಿ, ಶುಕ್ರವಾರ

ಅರ್ಜಿ ಹೋಯಿತು. ರಾಯಭಾರ ಕಚೇರಿಯಿಂದ ಹಳೆಯ ಕಾಗದಗಳ ನಕಲು ಬಂದವು. ಹೂಳಲು ಒಪ್ಪಿಗೆ ಕೊಟ್ಟವರ ಸಹಿ ಇರಬೇಕಾದಲ್ಲಿ ಮುಕ್ರಮ ಎಂಬವನ ಹೆಸರಿದೆ. ಜೇವರ್ಗಿಯವನಂತೆ, ಅಣ್ಣನ ಕೋಣೆಯಲ್ಲಿದ್ದವನು. ಅಣ್ಣ ಫೋನಿನಲ್ಲಿ ಅವನ ಹೆಸರು ಹೇಳಿದ್ದು ನೆನಪಿದೆ, "ನಮ್ಮ ಜೇವರ್ಗಿ ಮಂದಿ ಚಹಾ ಮಾಡಾಕತ್ತಾರ, ಇಡ್ತೇನಿ" ಎನ್ನುತ್ತಿದ್ದ.

ಚಹಾ ಮಾಡುವವನಿಗೆ ನಮ್ಮ ಅಣ್ಣನನ್ನು ಮಣ್ಣು ಮಾಡುವ ಅಧಿಕಾರ ಕೊಟ್ಟವರು ಯಾರು? ತಾಯಿ ಇದ್ದಳು, ಹೆಂಡತಿ ಇದ್ದಳು, ತಂಗಿ ವಕೀಲೆ ಇದ್ದಳು. ಒಂದು ಫೋನು ಮಾಡಲಿಕ್ಕೆ ಏನು ಧಾಡಿ? ಅವನಿಗೆ ಗೊತ್ತಿದ್ದ ಹಾಗೆ ಮಲಗಿಸಿ ಹೂತು ಕೈ ತೊಳೆದುಕೊಂಡಿದ್ದಾನೆ.

ಇನ್ನೊಂದು ವಿಷಯ. ಅಣ್ಣ ಕೊನೆಯ ಸಲ ರಜೆಗೆ ಬಂದಾಗ ಕಲಬುರಗಿಯಲ್ಲಿ ನಾನೇ ಅವನಿಗೆ ಕಂದು ಬಣ್ಣದ ಚರ್ಮದ ಬೂಟು ಕೊಡಿಸಿದ್ದೆ. ಅವನು ಸತ್ತ ಮೇಲೆ ಅವನ ಸಾಮಾನಿನ ಡಬ್ಬಿ ಬಂತು. ಕೈಗಡಿಯಾರ ಇತ್ತು, ಅಂಗಿಗಳಿದ್ದವು, ಹಲ್ಲುಜ್ಜುವ ಬ್ರಷ್ ಕೂಡ ಇತ್ತು. ಬೂಟು ಇರಲಿಲ್ಲ. ಈ ಆಸಾಮಿಯನ್ನು ಅದನ್ನೂ ಕೇಳುವವಳೇ.

ಕಾಕಾ ಸಂಜೆ ಬಂದಿದ್ದರು. "ಯಾಕ ಇಷ್ಟು ತ್ರಾಸ ತಗೋತೀ ಭಾಗ್ಯಾ? ಅಲ್ಲೇ ಸುಟ್ಟು ಬೂದಿ ಕಳಸ್ರಿ ಅನ್ನು. ಗಾಣಗಾಪುರಕ್ಕ ಒಯ್ದು ಸಂಗಮದಾಗ ಬಿಟ್ರಾತು. ದೊಡ್ಡ ದೊಡ್ಡವರು ಅಲ್ಲೇ ಬಿಡ್ತಾರ."

ಒಳಗೆ ಕಾಳು ಆರಿಸುತ್ತಿದ್ದ ಅವ್ವ ಅಲ್ಲಿಂದಲೇ ಕೂಗಿದಳು. "ಬೂದಿ ಹೆಂಗ ಕೂಡ್ರತದೋ ಹಣಮಂತ? ಕುಂದರ್ಸಿ ತೋರ್ಸು ನನಗ!"

ಕಾಕಾ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

೨ ಫೆಬ್ರವರಿ, ಭಾನುವಾರ

ಆ ಜೇವರ್ಗಿಯವನಿಗೆ ಫೋನು ಹತ್ತಿತು. ಐದಾರು ಸಲ ಎತ್ತಲೇ ಇಲ್ಲ. ಕೊನೆಗೆ ಎತ್ತಿ, "ಹಲೋ, ಕೌನ್?" ಎಂದ. ಹೆಸರು ಹೇಳಿದೆ. ಹಿಂದೆ ಕೇಳುತ್ತಿದ್ದ ಟಿವಿಯನ್ನು ಆರಿಸಿದ. ಆಮೇಲೆ, "ಆರಾಮ ಇದ್ದೀರೇನ್ರಿ? ಯವ್ವ ಆರಾಮ ಇದ್ದಾರೇನ್ರಿ?"

"ಆರಾಮ ಆಮ್ಯಾಲ. ಕಾಗದದ ಮ್ಯಾಲ ನಿಮ್ಮ ಸಹಿ ಅದ. ಯಾರನ್ನ ಕೇಳಿ ಮಾಡಿದ್ರಿ?"

"ಯಾರನ್ನ ಕೇಳ್ಲಿರಿ ವಕೀಲ್ರೆ? ನನ್ನ ಮೋಬೈಲ ದವಾಖಾನ್ಯಾಗ ಹೋಗಿತ್ತು. ನಿಮ್ಮ ನಂಬರ ಅದ್ರಾಗಽ ಇತ್ತು."

ಸಿದ್ಧ ಉತ್ತರ. ಇಂಥವನ್ನು ದಿನಾ ಕೇಳುತ್ತೇನೆ. "ಬೂಟು ಎಲ್ಲಿ?" ಎಂದೆ.

"ಯಾವ ಬೂಟ್ರಿ?"

"ಕಂದು ಬೂಟು. ನಾ ಕೊಡಿಸಿದ್ದು."

"ಅದು... ಗೊತ್ತಿಲ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫೋನಿನಲ್ಲೇ ಅವನು ಹೆಗಲು ಮುಟ್ಟಿಕೊಂಡದ್ದು ನನಗೆ ಕಂಡಿತು. ಮಾರಿಕೊಂಡು ತಿಂದಿರಬೇಕು. ಸತ್ತವನ ಬೂಟು!

೫ ಫೆಬ್ರವರಿ

ರಾಯಭಾರ ಕಚೇರಿಯ ಉತ್ತರ ಬಂತು. ಕುಣಿ ತೆಗೆಯುವಾಗ, ಹೂತ ದಿನ ಹಾಜರಿದ್ದವರು ಬಂದು ಜಾಗ ಗುರುತಿಸಬೇಕಂತೆ. ಹಾಜರಿದ್ದವನು ಆ ಮುಕ್ರಮ ಒಬ್ಬನೇ. ಅಣ್ಣನ ಹೆಂಡತಿ ಅವನ ಹೆಸರಿಗೆ ಅಧಿಕಾರಪತ್ರ ಬರೆದುಕೊಡಬೇಕಂತೆ.

ಎಷ್ಟು ಓದಿದರೂ ಬೇರೆ ದಾರಿ ಕಾಣಲಿಲ್ಲ. ಹಲ್ಲು ಕಡಿದುಕೊಂಡು ಒಪ್ಪಬೇಕು.

೨೬ ಫೆಬ್ರವರಿ, ಬುಧವಾರ. ಶಿವರಾತ್ರಿ

ಅಫಜಲಪುರಕ್ಕೆ ಹೋಗಿ ವೈನಿಯ ಸಹಿ ತಂದೆ. ಅಣ್ಣನ ಹೆಂಡತಿ ಶರಣಬಸಮ್ಮ ವೈನಿ ಅಲ್ಲಿ ಅಂಗನವಾಡಿ ನಡೆಸುತ್ತಾಳೆ. ಉಪವಾಸದ ದಿನ, ಆದರೂ ನನಗೆ ಸಾಬೂದಾಣಿ ಖಿಚಡಿ ಮಾಡಿಟ್ಟಿದ್ದಳು. ಅಧಿಕಾರಪತ್ರ ಮುಂದಿಟ್ಟು, ಆ ಮನುಷ್ಯನ ಬಗ್ಗೆ ನನಗೆ ಇರುವ ಅನುಮಾನವನ್ನೆಲ್ಲ ಹೇಳಿದೆ. ಎಲ್ಲಾ ಕೇಳಿಸಿಕೊಂಡು ಸಹಿ ಮಾಡಿ ಪೆನ್ನು ಮುಚ್ಚಿದಳು.

"ಮುಕ್ರಮ ಭಾಯಿ ನನಗ ಪ್ರತಿ ತಿಂಗಳ ಫೋನ್ ಮಾಡ್ತಾರ," ಎಂದಳು.

"ಯಾಕ?"

"ಯಾಕಂದ್ರ? ಹೆಂಗಿದ್ದೀರಿ ಅಂತ ಕೇಳಾಕ. ಶುಕ್ರವಾರ ರಜಾ ಇದ್ದಾಗ ಇವರ ಕುಣಿ ಕಡೆ ಹೋಗಿ ಬರ್ತಾರಂತ. ಉಸುಬು ಹಾರಿ ಬಂದು ಕುಣಿ ಮುಚ್ಚತದ, ನಂಬರಿನ ಕಲ್ಲು ಕಾಣಂಗಿಲ್ಲ, ಕೈಲೇ ಸರಿಸಿ ಬಂದೆ ಅಂತಾರ."

"ನನಗ್ಯಾಕ ಹೇಳಲಿಲ್ಲ ವೈನಿ?"

"ನೀ ಕೇಳಿದ್ದಿಲ್ಲ ಭಾಗ್ಯಾ. ನೀ ಮಾತಾಡ್ತಿ, ಕೇಳೂದು ಕಡಿಮಿ."

ವೈನಿ ಇಂಥ ಮಾತನ್ನು ನಗುತ್ತಲೇ ಹೇಳುತ್ತಾಳೆ, ಅದಕ್ಕೇ ಸಿಟ್ಟು ಮಾಡಲು ಬರುವುದಿಲ್ಲ. ಬಸ್ಸಿನಲ್ಲಿ ಬರುವಾಗ ಆ ನಂಬರಿನ ಕಲ್ಲಿನ ಬಗ್ಗೆ ಯೋಚಿಸಿದೆ. ಮರಳು ಸರಿಸಿದವನು ಬೂಟು ಮಾರಿಕೊಂಡಿರಲಾರ ಎಂದೇನಿಲ್ಲ. ಎರಡೂ ಮಾಡುವ ಜನ ಇದ್ದಾರೆ.

೧೨ ಮಾರ್ಚ್, ಬುಧವಾರ

ರಂಜಾನ್ ತಿಂಗಳು. ಅಲ್ಲಿಯ ಕಚೇರಿಗಳು ಅರ್ಧ ದಿನ ಮಾತ್ರ. ಮುಕ್ರಮ ರೋಜಾ ಹಿಡಿದುಕೊಂಡು ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುತ್ತಿದ್ದಾನೆ. ನಾನು ದಿನಾ ಫೋನು ಮಾಡಿ ತಿವಿಯುತ್ತೇನೆ. ಇಂದು, "ವಕೀಲ್ರೆ, ಬಾಯಾಗ ನೀರಿಲ್ಲ, ರೋಜಾ ಬಿಟ್ಟ ಮ್ಯಾಲ ಬೈತೀರೇನು?" ಎಂದ. ನಗು ಬಂತು. ತೋರಿಸಿಕೊಳ್ಳಲಿಲ್ಲ.

೨೦ ಮಾರ್ಚ್, ಗುರುವಾರ

ಕೋರ್ಟಿನಲ್ಲಿ ಎರಡು ಕೇಸಿಗೆ ವಾಯಿದೆ ಕೇಳಿ ವರಾಂಡದಲ್ಲಿ ನಿಂತಿದ್ದೆ. ಮುಕ್ರಮನ ಫೋನು. ಹಿಂದೆ ಯಾರೋ ಅರಬ್ಬಿಯಲ್ಲಿ ಜೋರು ಮಾಡುತ್ತಿದ್ದರು. ವಿಷಯ ಏನೆಂದರೆ, ಅಲ್ಲಿಯ ನಗರಸಭೆಯ ಅಧಿಕಾರಿಗೆ ಕಾಗದದಲ್ಲಿ 'ಹಿಂದೂ' ಎಂದು ಕಂಡಿದೆ. ತೆಗೆದ ಮೇಲೆ ಅಲ್ಲಿಯೇ ಇರುವ ಹಿಂದೂ ಸ್ಮಶಾನದಲ್ಲಿ ಸುಟ್ಟು ಬೂದಿ ಒಯ್ಯಿರಿ, ವಾರದಲ್ಲಿ ಮುಗಿಯುತ್ತದೆ ಎಂದಿದ್ದಾನೆ. ಎಲುಬು ಕಳಿಸುವುದಾದರೆ ಇನ್ನೂ ನಾಲ್ಕು ಕಚೇರಿ. ಪಾಪ, ಅವನು ಸಹಾಯವೆಂದೇ ಹೇಳಿದ್ದು.

"ಬ್ಯಾಡ ಅನ್ರಿ!" ಎಂದು ಕೂಗಿದೆ. ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅಂದೀನ್ರಿ. ಬ್ಯಾಡಂತಽ ಅಂದೀನಿ. ಆವಾಗನೂ ಇದೇ ಜಗಳ ಆಗಿತ್ತು."

"ಯಾವಾಗ?"

"ಸಿದ್ದಲಿಂಗ ಹೋದಾಗ. ಹಿಂದೂ ಅದಾನ, ಸುಡ್ತೇವಿ ಅಂದ್ರು. ಗಾಡಿ ತಯಾರಾಗಿ ನಿಂತಿತ್ತು. ನಾ ಅಂದೆ, ಇಲ್ಲ, ಇವರು ಲಿಂಗಾಯತರು, ಇವರು ಹುಗೀತಾರ. ಯಾರೂ ಒಪ್ಪಲಿಲ್ಲ. ಹಿಂದೂ ಆಗಿ ಹುಗಿಯೂದು ಹೆಂಗ ಅಂತ ನನಗಽ ಕೇಳಿದ್ರು. ಮುಸಲ್ಮಾನ ಆಗಿ ನಿನಗೇನು ಗೊತ್ತು ಅಂದ್ರು. ನಮ್ಮ ಓಣ್ಯಾಗ ಗೌಡ್ರು ಹೋದಾಗ ನಾನೂ ಮಣ್ಣು ಹಾಕೇನಿ ಅಂದೆ. ಬರದು ಕೊಡು ಅಂದ್ರು. ಬರದು ಕೊಟ್ಟೆ. ಅದೇ ಸಹಿರಿ ಅದು. ಕುಂದರಸಾಕ ಬಿಡ್ರಿ ಅಂತನೂ ಕೇಳಿದ್ದೆ, ಅದಕ್ಕ ಮಾತ್ರ ಒಪ್ಪಲಿಲ್ಲ."

ಆ ಸಹಿ ಇರದಿದ್ದರೆ ಅವ್ವನಿಗೆ ತರಲು ಇವತ್ತು ಏನೂ ಉಳಿದಿರುತ್ತಿರಲಿಲ್ಲ.

"ಮೊದಲ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಬೂಟು ಎಲ್ಲಿ ಅಂತ ಕೇಳಿದ್ರಿ," ಎಂದ.

ರಾತ್ರಿಯೊಳಗೆ ಲಿಂಗಾಯತರ ಶವಸಂಸ್ಕಾರದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪ್ರಮಾಣಪತ್ರ ಬರೆದು, ಮಠದ ಸಹಿ ಮಾಡಿಸಿ, ಕಳಿಸಿಬಿಟ್ಟೆ. ಇನ್ನು ಯಾವ ಅಧಿಕಾರಿ ಬೂದಿ ಎನ್ನುತ್ತಾನೋ ನೋಡುತ್ತೇನೆ.

೩೦ ಮಾರ್ಚ್, ಭಾನುವಾರ. ಯುಗಾದಿ

ಯುಗಾದಿಯೊಳಗೆ ಎಂದಿದ್ದೆ. ಆಗಲಿಲ್ಲ. ಅವ್ವ ಬೇವು ಹಾಕಿದ ಪಾನಕ ಕೊಡುತ್ತಾ ಏನೂ ಕೇಳಲಿಲ್ಲ, ಅದೇ ಕಷ್ಟವಾಯಿತು.

ಮುಕ್ರಮ ಯುಗಾದಿಯ ಶುಭಾಶಯ ಕಳಿಸಿದ್ದರು. ನಾಳೆ ಅವರಿಗೆ ಈದ್. ರಜೆ ಹಾಕಿ ಜೇವರ್ಗಿಗೆ ಬರಬೇಕಿತ್ತಂತೆ, ಅವರ ಹೆಂಡತಿ ಮೆಹರಾಜಬೇಗಂ ದಾರಿ ನೋಡುತ್ತಿದ್ದರಂತೆ. 'ಸಿದ್ದಲಿಂಗನ ಜೋಡಿನೇ ಬರ್ತೇನಿ' ಎಂದು ಹೆಂಡತಿಗೆ ಹೇಳಿದ್ದಾರೆ. ನಾನು ಈದ್ ಮುಬಾರಕ್ ಕಳಿಸಿ, ಕೆಳಗೆ ಬಾಕಿ ಇರುವ ಕಾಗದಗಳನ್ನೂ ನೆನಪಿಸಿದೆ. ಅಭ್ಯಾಸ.

೩ ಏಪ್ರಿಲ್, ಗುರುವಾರ

ಇವತ್ತು ಬೆಳಿಗ್ಗೆ ತೆಗೆದರು.

ಅವ್ವ ಹಿರೋಳ್ಳಿಯಿಂದ ನನ್ನ ಮನೆಗೆ ಬಂದು ಕೂತಿದ್ದಳು. ಮುಕ್ರಮ ಫೋನು ಮಾಡಿದಾಗ ಸ್ಪೀಕರ್ ಹಾಕಿದೆ. ಅಕ್ಕಪಕ್ಕ ಹೂತವರು ಬಹಳ ಜನ, ನಂಬರಿನ ಕಲ್ಲುಗಳು ಕೆಲವು ಮುರಿದಿವೆ. ಇದು ಅವನದೇ ಎಂಬುದಕ್ಕೆ ಏನು ಆಧಾರ ಎಂದು ಅಧಿಕಾರಿ ಕೇಳಿದನಂತೆ. "ಎಡಗೈ ನೋಡ್ರಿ" ಎಂದರಂತೆ ಮುಕ್ರಮ. ಹೆಣ ಸುತ್ತಿದ್ದ ಚೀಲ ಬಿಡಿಸಿ ನೋಡಿದರೆ ಎಡಗೈ ಎಲುಬುಗಳ ನಡುವೆ ಲಿಂಗ ಇತ್ತು.

ಅವ್ವ ಫೋನಿನ ಹತ್ತಿರ ಬಾಗಿದಳು. "ಕೈಯಾಗ ಯಾರು ಇಟ್ರು?"

"ನಾನೇರಿ ಯವ್ವಾ. ಅದೇ ವಾರ್ಡಿನಾಗ ಬಾಜೂ ಪಲಂಗಿನ ಮ್ಯಾಲ ನಾನೂ ಬಿದ್ದಿದ್ದೆ. ಅವಂದು ಉಸಿರು ನಿಂತಿತು. ನರ್ಸ್ ಬರೂದ್ರಾಗ ಎದ್ದು, ಕೊಳ್ಳಾಗಿಂದು ಬಿಚ್ಚಿ ಕೈಯಾಗಿಟ್ಟು ಬೆರಳು ಮಡಚಿದೆ. ಗೌಡ್ರಿಗಿ ಹಂಗಽ ಮಾಡಿದ್ದು ನೋಡಿದ್ದೆ. ತಪ್ಪಾಗಿದ್ರ ಮಾಫ್ ಮಾಡ್ರಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಣ್ಣ ಸತ್ತ ದಿನ ಅವಳು ಅಳಲಿಲ್ಲ, ಊರೆಲ್ಲ ಅದನ್ನೇ ಆಡಿಕೊಂಡಿತ್ತು. ಇವತ್ತು ಅತ್ತಳು. ನಾನೂ ಅತ್ತೆ. ಸ್ಪೀಕರಿನಲ್ಲಿ ಮುಕ್ರಮ, "ಅಳಬ್ಯಾಡ್ರಿ, ಬರ್ತಾನ, ಬರ್ತಾನ" ಎನ್ನುತ್ತಲೇ ಇದ್ದರು.

೯ ಏಪ್ರಿಲ್, ಬುಧವಾರ. ಹಿರೋಳ್ಳಿ

ವಿಮಾನ ಶನಿವಾರ. ಎಲ್ಲಾ ಸಿದ್ಧವಿರಬೇಕು ಎಂದು ಇಂದು ಜೆಸಿಬಿ ತರಿಸಿ ಅಪ್ಪನ ಪಕ್ಕ ಕುಣಿ ತೋಡಿಸಿದೆ. ಪೆಟ್ಟಿಗೆಯ ಉದ್ದ ಅಗಲ ಮೊದಲೇ ಕೇಳಿಟ್ಟುಕೊಂಡಿದ್ದೆ. ಅದಕ್ಕೆ ಬರಾಬರಿ, ಅಂಚು ನೇರ, ಒಂದು ಕಲ್ಲು ಸಹ ಕುಸಿದಿಲ್ಲ. ಅವ್ವನನ್ನು ಕರೆದು ತೋರಿಸಿದೆ, ಹೊಗಳುತ್ತಾಳೆ ಎಂದು.

ಅವ್ವ ಅಂಚಿಗೆ ನಿಂತು ಒಂದು ಸಲ ಆ ತುದಿ ಈ ತುದಿ ನೋಡಿದಳು.

"ಏನ್ ಬೇ ಇದು? ಮಲಗಸಾಕ ತೋಡಿಸೀದಿ?"

ನೆಲವೇ ಬಾಯಿ ಬಿಟ್ಟು ನನ್ನನ್ನು ನೋಡುತ್ತಿತ್ತು. ಮೂರು ತಿಂಗಳು ಅಣ್ಣನನ್ನು ಕೂರಿಸಬೇಕು ಕೂರಿಸಬೇಕು ಎಂದು ದೇಶ-ವಿದೇಶಕ್ಕೆಲ್ಲ ಪತ್ರ ಬರೆದವಳು, ಕೊನೆಗೆ ಪೆಟ್ಟಿಗೆಯ ಅಳತೆಗೆ ಉದ್ದನೆಯ ಕುಣಿ ತೋಡಿಸಿದ್ದೆ!

"ನಾಕು ವರ್ಷ ಮಲಗಿದ್ದು ಸಾಕು ಅವನಿಗಿ. ಮುಚ್ಚಸು. ಮಠದ ಅಯ್ಯನವರು ಬಂದು ಪಾದ ಅಳದು ಗೆರಿ ಹಾಕ್ಲಿ, ಆಮ್ಯಾಲ ತೋಡ್ಲಿ. ಸತ್ತವನ ಪಾದದ ಅಳತಿ ಇಲ್ಲದ ಯಾವನೋ ಕುಣಿ ತೋಡ್ತಾನ?"

ತೋಡಿಸಿದ್ದು ನಾನೇ, ಮುಚ್ಚಿಸಿದ್ದೂ ನಾನೇ. ಜೆಸಿಬಿ ಓಡಿಸುವ ದತ್ತಪ್ಪ, "ಅಕ್ಕೋರೆ, ಅಗದ ಮಣ್ಣು ತಿರುಗಿ ಅಷ್ಟಽ ತುಂಬಾಂಗಿಲ್ಲ" ಎಂದು ತತ್ವ ಹೇಳಿದ. ಅವನಿಗೆ ತುಂಬಲು ಹೇಳಿ ಮನೆಗೆ ಬಂದೆ.

೧೨ ಏಪ್ರಿಲ್, ಶನಿವಾರ

ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ನಾನು, ವೈನಿ, ಆಂಬುಲೆನ್ಸಿನವನು. ಕಾರ್ಗೋ ಕಡೆ ಕಾಯುತ್ತಿದ್ದೆವು. ಪೆಟ್ಟಿಗೆಯ ಹಿಂದೆ ಒಬ್ಬ ತೆಳ್ಳಗಿನ, ಅರ್ಧ ನರೆತ ಗಡ್ಡದ ಮನುಷ್ಯ ಕೈಯಲ್ಲಿ ಕಾಗದಗಳ ಚೀಲ ಹಿಡಿದು ಬಂದರು. ನಾನು ಮುಖ ನೋಡುವ ಮೊದಲೇ ಕಾಲು ನೋಡಿದೆ.

ಕಂದು ಬೂಟು. ನಾನು ಕೊಡಿಸಿದ್ದು.

ಸಿಟ್ಟು ನೆತ್ತಿಗೇರಿತು. ಆದರೆ ಪೆಟ್ಟಿಗೆ ಎದುರಿಗಿತ್ತು, ವೈನಿ ಅದರ ಮೇಲೆ ಕೈ ಇಟ್ಟು ನಿಂತಿದ್ದಳು. ಸಹಿ ಮಾಡಿದೆ, ಮುದ್ರೆ ಹಾಕಿಸಿದೆ, ಗಾಡಿ ಹೊರಡಿಸಿದೆ. ಹುಮನಾಬಾದ್ ದಾಟಿ ಚಹಾಕ್ಕೆ ನಿಂತಾಗ ಅವರೇ ಹತ್ತಿರ ಬಂದರು.

"ಬೂಟು ನೋಡಿದ್ರಿ," ಎಂದರು.

"ನೋಡ್ದೆ. ಗೊತ್ತಿಲ್ಲ ಅಂದಿದ್ರಿ."

"ದವಾಖಾನ್ಯಾಗ ನನ್ನ ಅರಬಿ-ಬಟ್ಟಿ, ಚಪ್ಪಲಿ ಎಲ್ಲಾ ಸುಟ್ರು. ಅವನ್ನ ಹುಗಿಯೂ ಹಿಂದಿನ ದಿನ ನನ್ನ ಬಿಟ್ರು, ಬರಿಗಾಲಿಲೆ ರೂಮಿಗಿ ಬಂದೆ. ಬಾಗಿಲದಾಗ ಅವನ ಬೂಟು ಇದ್ದವು. ಕಾಲು ಹಾಕ್ದೆ. ಬರಾಬರ ಬಂದವು. ಡಬ್ಬಿ ಕಳಿಸೋ ಮುಂದ ಅದ್ರಾಗ ಇಡಬೇಕಿತ್ತು, ಮನಸು ಬರಲಿಲ್ಲ. ಅವನ ಕುಣಿ ಕಡೆ ಹೋಗೋ ಮುಂದ ಇವನ್ನಽ ಹಾಕ್ಕೊಂಡು ಹೋಗ್ತಿದ್ದೆ. ತಳ ಎರಡು ಸಲ ಬದಲಿ ಮಾಡಿಸೀನಿ."

"ಹಂಗಾದ್ರ ಗೊತ್ತಿಲ್ಲ ಅಂತ ಯಾಕಂದ್ರಿ?"

"ನೀವು ವಕೀಲ್ರು," ಎಂದರು. "ಅಂಜಿಕಿ ಬಂತು."

ನನಗೆ ನಗು ತಡೆಯಲಿಲ್ಲ. ಹೆಣದ ಗಾಡಿಯ ಪಕ್ಕ ನಿಂತು ನಗುವ ಹೆಂಗಸನ್ನು ಚಹಾದಂಗಡಿಯವನು ಹೆದರಿ ನೋಡಿದ. ವೈನಿ ಗಾಡಿಯೊಳಗಿಂದಲೇ, "ಏನಾತು?" ಎಂದು ಕೇಳಿದಳು. "ಏನಿಲ್ಲ, ಬೂಟು ಸಿಕ್ಕವು" ಎಂದೆ.

೧೩ ಏಪ್ರಿಲ್, ಭಾನುವಾರ. ಹಿರೋಳ್ಳಿ

ಕೈ ಇನ್ನೂ ವಿಭೂತಿ ವಾಸನೆ. ಮರೆಯುವ ಮೊದಲು ಎಲ್ಲಾ ಬರೆದಿಡುತ್ತೇನೆ.

ಮುಂಜಾನೆ ಅಯ್ಯನವರು ಬಂದರು. ಅಪ್ಪನನ್ನು ಕೂರಿಸಿದ್ದೂ ಅವರೇ. ಹೊಲದಲ್ಲಿ ಊರಿನ ಅರ್ಧ ಜನ. ಎಲುಬುಗಳನ್ನು ಕೂರಿಸಲು ಬರುತ್ತದೆಯೇ ಎಂದು ಕಾಕಾ ಪಿಸುಗುಟ್ಟಿದರು. ಅದು ಅಯ್ಯನವರ ಕಿವಿಗೆ ಬಿತ್ತು. "ಕೂಡ್ರಸೂದು ನನ್ನ ಕೆಲಸ. ನೀವು ಪಾದ ತೋರ್ಸ್ರಿ," ಎಂದರು.

ಅಲ್ಲೇ ಬಂತು ತೊಡಕು. ನಮ್ಮಲ್ಲಿ ಕುಣಿಯ ಉದ್ದ ಅಗಲ ಸತ್ತವನ ಪಾದದಿಂದಲೇ ಅಳೆಯಬೇಕು. ಪೆಟ್ಟಿಗೆಯಲ್ಲಿ ಬಂದಿದ್ದ ಕಾಲಿನ ಎಲುಬುಗಳು ಬಿಡಿಬಿಡಿ. ಅವನ ಹಳೆ ಚಪ್ಪಲಿ ಏನಾದರೂ? ವೈನಿ ತಲೆ ಅಲ್ಲಾಡಿಸಿದಳು. ಸತ್ತ ಸುದ್ದಿ ಬಂದು ಕರ್ಮ ಮಾಡಿದಾಗಲೇ ಬಟ್ಟೆ, ಚಪ್ಪಲಿ ಎಲ್ಲ ದಾನ ಕೊಟ್ಟಾಗಿತ್ತು.

ಕಾಕಾ ಮುಂದೆ ಬಂದರು. "ಮನಿ ಹಿರಿಯ ನಾ ಅದೀನಿ. ನನ್ನ ಪಾದ ಹಿಡೀರಿ."

"ನಿನ್ನ ಪಾದಕ್ಕ ತೋಡಿದ್ರ ನನ್ನ ಮಗ ಅದ್ರಾಗ ಕಳದು ಹೋಗ್ತಾನ," ಎಂದಳು ಅವ್ವ. ದುಃಖದ ನಡುವೆಯೂ ಜನ ನಕ್ಕರು. ಕಾಕಾ ಪಾದ ದೊಡ್ಡದು ಎಂಬುದು ಹಿರೋಳ್ಳಿಗೆಲ್ಲ ಗೊತ್ತಿರುವ ಸಂಗತಿ.

ಮುಕ್ರಮ ದೂರ ಬದುವಿನ ಮೇಲೆ ನಿಂತಿದ್ದರು. ಸದ್ದಿಲ್ಲದೆ ಕೂತು ಬೂಟು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅವ್ವನ ಮುಂದೆ ಇಟ್ಟರು. "ಇವು ಅವನವೇರಿ ಯವ್ವಾ."

ಅಯ್ಯನವರು ಬೂಟು ನೋಡಿ ತಲೆ ಅಲ್ಲಾಡಿಸಿದರು. "ಬೂಟು ಪಾದಕ್ಕಿಂತ ದೊಡ್ಡದಿರ್ತದ. ಅಳತಿಗಿ ಬರಿ ಪಾದಽ ಬೇಕು."

ಬೂಟು ಅಲ್ಲಿದ್ದವು, ಅವುಗಳ ಹಿಂದೆ ಕಪ್ಪು ಮಣ್ಣಿನ ಮೇಲೆ ಮುಕ್ರಮರ ಬರಿಗಾಲು.

"ಮುಕ್ರಮಣ್ಣ, ನೀವು ಕಾಲು ಇಡ್ರಿ," ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಂದ ಬಂತು.

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ನಾನ್ರೀ? ಬ್ಯಾಡ್ರಿ ತಂಗಿ. ಹಂಗ ಆಗಬಾರ್ದು."

"ಅಲ್ಲ ಭಾಗ್ಯಾ, ಮಂದಿ ಏನಂತಾರ..." ಎಂದು ಕಾಕಾ ಶುರು ಮಾಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಎದ್ದಳು. ಮೊಣಕಾಲು ಹಿಡಿದುಕೊಂಡು ಮುಕ್ರಮಣ್ಣನ ಹತ್ತಿರ ಹೋಗಿ ರಟ್ಟೆ ಹಿಡಿದಳು.

"ನಾಕು ವರ್ಷ ಅವನ ಬೂಟಿನಾಗ ಇದ್ದ ಕಾಲು ಇದು. ಬರಾಬರ ಬಂದವು ಅಂತ ಭಾಗ್ಯಾಗ ನೀನಽ ಅಂದೀಯಂತ. ಇದಕ್ಕಿಂತ ಹತ್ತಿರದ ಅಳತಿ ನಾ ಎಲ್ಲಿಂದ ತರ್ಲಿ? ಇಡು ಮಗಾ." ಆಮೇಲೆ ಅಯ್ಯನವರ ಕಡೆ ತಿರುಗಿ, "ನಡೀತದಲ್ಲೇನ್ರಿ?" ಎಂದಳು. ಅದು ಪ್ರಶ್ನೆಯ ಹಾಗೆ ಇರಲಿಲ್ಲ.

ಅಯ್ಯನವರು ಕೊರಳಲ್ಲಿದ್ದ ಲಿಂಗ ಒಮ್ಮೆ ಮುಟ್ಟಿಕೊಂಡರು. "ಲಿಂಗ ಕೈಯಾಗ ಇಟ್ಟವರು ಇವರಽ ಅಂದ್ರೆಲ್ಲ? ಅರ್ಧ ಕ್ರಿಯಾ ಅಲ್ಲೇ ಮುಗದದ. ಕಾಲು ತೊಳಕೊಂಡು ಬರ್ರಿ," ಎಂದರು.

ವೈನಿ ತಂಬಿಗೆಯಲ್ಲಿ ನೀರು ತಂದು ಅವರ ಕಾಲಿಗೆ ಹಾಕಿದಳು. ಮುಕ್ರಮಣ್ಣ ಒಂದು ಪಾದದ ಮುಂದೆ ಇನ್ನೊಂದು ಪಾದ ಹಿಮ್ಮಡಿಗೆ ಬೆರಳು ತಾಗಿಸಿ ಇಡುತ್ತಾ ಹೋದರು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಸರಿಯುತ್ತಾ ಪ್ರತಿ ಪಾದದ ತುದಿಗೆ ವಿಭೂತಿ ಗೆರೆ ಎಳೆದೆ. ಒಂದು ಮೂಲೆಯಲ್ಲಿ ಹೆಜ್ಜೆ ತಪ್ಪಿ, "ತಪ್ಪಾತ್ರಿ, ಮತ್ತ ಮೊದಲಿಂದ" ಎಂದು ತಾವೇ ಹಿಂದಕ್ಕೆ ಹೋದರು. ಯಾರೂ ಅವಸರ ಮಾಡಲಿಲ್ಲ.

ಗೆರೆ ಪೂರ್ತಿಯಾದಾಗ ನೋಡಿದೆ. ನಾನು ತೋಡಿಸಿದ್ದ ಉದ್ದನೆಯ ಕುಣಿಯ ಹಾಗೆ ಇರಲಿಲ್ಲ. ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ನೆಮ್ಮದಿಯಾಗಿ ಕೂರುವಷ್ಟು ಜಾಗ ಅದು.

ಓಣಿಯವರು ಸಲಿಕೆ ಗುದ್ದಲಿಯಿಂದ ತೋಡಿದರು. ಒಳಗೆ ಗೂಡು ಕೊರೆದರು. ಅಯ್ಯನವರು ಇಳಿದು ಮೊದಲು ಕಾಲಿನ ಎಲುಬು ಮಡಚಿದಂತೆ ಇಟ್ಟು, ಮೇಲೆ ಒಂದೊಂದಾಗಿ ಜೋಡಿಸಿ, ಬಿಳಿ ಬಟ್ಟೆ ಸುತ್ತಿ ಕೂರಿಸಿದರು. ಅವ್ವ ಲಿಂಗ ತೊಳೆದು ಕೊಟ್ಟಳು. ಬಿಲ್ವಪತ್ರೆ, ವಿಭೂತಿ ತುಂಬಿದರು. ಮೊದಲ ಹಿಡಿ ಮಣ್ಣು ಅವ್ವ ಹಾಕಿದಳು, ಎರಡನೆಯದು ವೈನಿ. ಮೂರನೆಯದು ನಾನು ಹಾಕಬೇಕಿತ್ತು. ಮುಕ್ರಮಣ್ಣನ ಕೈ ಹಿಡಿದು ಮುಂದೆ ಬಿಟ್ಟೆ.

ಅಣ್ಣಾ, ಕೂತೆಯಲ್ಲ. ಇನ್ನು ಅಪ್ಪನ ಜೊತೆ ಎಷ್ಟು ಬೇಕೋ ಅಷ್ಟು ಮಾತಾಡು.

೧೫ ಏಪ್ರಿಲ್, ಮಂಗಳವಾರ. ಹಿರೋಳ್ಳಿ

ಮುಕ್ರಮಣ್ಣ ಇಂದು ಜೇವರ್ಗಿಗೆ ಹೊರಟರು. ಮೆಹರಾಜಬೇಗಂ ಎರಡು ಸಲ ಫೋನು ಮಾಡಿದ್ದರು, ಎರಡನೇ ಸಲ ನಾನೇ ಎತ್ತಿ, ಕಳಿಸುತ್ತೇವೆ ಎಂದು ಹೇಳಿದೆ. ಅವ್ವ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಟ್ಟಿಕೊಟ್ಟಳು.

ಹೊರಡುವಾಗ ನೋಡಿದರೆ ಅವರ ಕಾಲಲ್ಲಿ ಕಾಕಾನ ಹಳೆ ರಬ್ಬರ್ ಚಪ್ಪಲಿ, ಎರಡು ಬೆರಳು ಉದ್ದ. ಬೂಟನ್ನು ಒರೆಸಿ ಕಟ್ಟೆಯ ಮೇಲೆ ಜೋಡಿಸಿಟ್ಟಿದ್ದರು. "ತಂದು ಮುಟ್ಟಿಸಿದೆ, ನನ್ನ ಕೆಲಸ ಮುಗೀತು," ಎಂದರು.

ಅವ್ವ ಬೂಟು ಎತ್ತಿ ಅವರ ಕಾಲ ಹತ್ತಿರ ಇಟ್ಟಳು. "ಹಾಕ್ಕೋ. ಇಲ್ಲಿ ಯಾರ ಕಾಲಿಗಿ ಬರ್ತಾವ ಇವು? ಎಳ್ಳ ಅಮಾಸಿಗಿ ಹೊಲಕ್ಕ ಬರೋ ಮುಂದ ಹಾಕ್ಕೊಂಡು ಬಾ."

ಅವರು ತಲೆ ಬಗ್ಗಿಸಿ ದಾರ ಕಟ್ಟಿದರು. ಬಹಳ ಹೊತ್ತು ಕಟ್ಟಿದರು. ಎದ್ದು ಅವ್ವನಿಗೆ ಸಲಾಂ ಮಾಡಿ, ನನಗೆ "ಬರ್ತೇನಿ ತಂಗಿ" ಎಂದು ಹೇಳಿ ಬಸ್ಸಿನ ಕಡೆ ನಡೆದರು.

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಈಗ ದೂರದ್ದು ಸರಿಯಾಗಿ ಕಾಣುವುದಿಲ್ಲ. ಕಣ್ಣು ಮುಚ್ಚಿ ರಸ್ತೆಯ ಕಡೆ ಕಿವಿ ಕೊಟ್ಟಿದ್ದಳು.

"ನಡಿಗಿ ಬ್ಯಾರೆ ಅದ, ಭಾಗ್ಯಾ," ಎಂದಳು. "ಸಪ್ಪಳ ಅದೇ ಅದ."

ನಾನೂ ಪಕ್ಕದಲ್ಲಿ ಕೂತು ಆ ಬೂಟಿನ ಸಪ್ಪಳ ಕೇಳಿದೆ.